ತೀರಿಕೊಂಡವರಿಂದ ಕಥೆ ಓದಿಸುವವರಿಗೆ

ಇ-ಪುಸ್ತಕ ಕಂಪನಿಯ ಧ್ವನಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಆ್ಯಪಿನಲ್ಲಿ ‘ಗಂಡು ಧ್ವನಿ, ಉತ್ತರ ಕರ್ನಾಟಕ’ ಎಂಬ ಹೆಸರಿನಡಿ, ಈಗೀಗ ಇನ್ನಾವುದೋ ಹೆಸರಿನಡಿ, ಹಗಲಿರುಳು ಕಥೆ ಓದುತ್ತಿರುವವರು ನನ್ನ ಗಂಡ. ಅವರ ಹೆಸರು ರಾಜೀವ. ಅವರು ತೀರಿಕೊಂಡು ಎರಡು ವರ್ಷವಾಯಿತು. ಅವರಿಂದ ಓದಿಸುವುದನ್ನು ನಿಲ್ಲಿಸಿ ಎಂದು ಕೇಳಲು ಈ ಪತ್ರ. ಇದೇ ಮಾತನ್ನು ನಿಮ್ಮ ಕಚೇರಿಗೆ ಇಮೇಲಿನಲ್ಲಿ ಬರೆದಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ, ಆ್ಯಪಿನ ದೂರಿನ ಪುಟದಲ್ಲೂ ಹಾಕಿದ್ದೇನೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ತಪ್ಪದೆ ಬಂದಿದೆ. ಅಮೂಲ್ಯವಾದದ್ದನ್ನು ನೀವು ಎಲ್ಲೋ ಬಹಳ ಭದ್ರವಾಗಿ ಇಟ್ಟಿರಬೇಕು. ಯಾರೂ ಅದನ್ನು ತೆರೆದು ನೋಡಿದ ಗುರುತಿಲ್ಲ. ಹಾಗಾಗಿ ಈ ಸಲ ನಾಲ್ಕು ಜನರ ಎದುರು ಬರೆಯುತ್ತಿದ್ದೇನೆ.

ನಾನು ಧಾರವಾಡದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಮನೆ ರಾಯಾಪುರದಲ್ಲಿ. ಉಳಿದ ಹೊತ್ತಿನಲ್ಲಿ ಕಾದಂಬರಿ ಬರೆಯುತ್ತಿದ್ದೆ, ಬರೆದದ್ದನ್ನು ನಾನೇ ಇ-ಪುಸ್ತಕ ಮಾಡಿ ಪ್ರಕಟಿಸುತ್ತಿದ್ದೆ. ಪ್ರಕಾಶಕರ ಬಾಗಿಲು ಕಾದು ಸಾಕಾಗಿ ಹಿಡಿದ ದಾರಿ ಇದು. ಈ ದಾರಿಯಲ್ಲಿ ಹಾರ, ಶಾಲು, ಬಿಡುಗಡೆ ಸಮಾರಂಭ ಯಾವುದೂ ಇಲ್ಲ. ಕಾಲೇಜಿನಿಂದ ಬಂದು, ಪಾತ್ರೆ ತೊಳೆದಿಟ್ಟು, ಒಂದು ಗುಂಡಿ ಒತ್ತಿದರೆ ಬಿಡುಗಡೆ ಆಗಿಬಿಡುತ್ತದೆ. ನಮ್ಮ ಹುಚ್ಚಪ್ಪ ಕಾಕಾ ಒಮ್ಮೆ ಮನೆಗೆ ಬಂದಾಗ, “ಪುಸ್ತಕ ಬರದೀನಿ ಅಂತಿ, ಒಂದರ ಕೈಯಾಗ ಕೊಡವಾ, ನೋಡೂಣು” ಎಂದರು. ಫೋನು ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದರಾಗ ಎಲ್ಲೈತಿ?” ಎಂದು ಖರೇನೇ ಕೇಳಿದರು. ಆದರೂ ಓದುಗರಿದ್ದರು. ಬೀದರಿನಿಂದ, ಬಳ್ಳಾರಿಯಿಂದ, ದುಬೈನಿಂದ ಬರೆಯುತ್ತಿದ್ದರು. ಏಳು ಕಾದಂಬರಿ ಹಾಗೆ ಬಂದವು.

ಒಬ್ಬಳೇ ಬರೆದು ಒಬ್ಬಳೇ ಪ್ರಕಟಿಸುವವಳಿಗೆ ತಿದ್ದುವವರು ಯಾರು? ನನಗೆ ರಾಜೀವ ಇದ್ದರು. ಅವರು ಉಣಕಲ್ಲಿನ ಕಡೆ ಒಂದು ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಥೆ ಕಾದಂಬರಿ ತಾವಾಗಿ ಓದಿದವರಲ್ಲ. ಆದರೆ ನಾನು ಬರೆದ ಪ್ರತಿಯೊಂದು ಅಧ್ಯಾಯವನ್ನೂ ಗಟ್ಟಿಯಾಗಿ ಓದಿ ನನಗೇ ಕೇಳಿಸುತ್ತಿದ್ದರು. ಓದುತ್ತ ಓದುತ್ತ ಒಂದು ಕಡೆ ನಿಂತುಬಿಡುತ್ತಿದ್ದರು. “ಇಲ್ಲೆ ಉಸರು ಸಾಲಂಗಿಲ್ಲ ಸುಜಾತಾ. ಎಲ್ಲಿರ ಮುರಿ ಇದನ್ನ” ಎನ್ನುತ್ತಿದ್ದರು. ನಾನು ವಾದ ಮಾಡುತ್ತಿದ್ದೆ. ಮರುದಿನ ಆ ವಾಕ್ಯವನ್ನು ಮುರಿಯುತ್ತಿದ್ದೆ. ನನ್ನ ಗದ್ಯದಲ್ಲಿ ಓದುಗರು ಮೆಚ್ಚಿದ ಸರಾಗ ಏನಿದೆಯೋ ಅದು ಅವರ ಎದೆಯ ಅಳತೆಗೆ ಕತ್ತರಿಸಿದ್ದು.

ನಿಮ್ಮ ಕಂಪನಿ ‘ಕೇಳುವ ಪುಸ್ತಕ’ ಶುರುಮಾಡಿ, ಲೇಖಕರು ತಮ್ಮ ಪುಸ್ತಕವನ್ನು ತಾವೇ ಓದಿಸಿ ಕಳಿಸಬಹುದು ಎಂದಾಗ, ಓದಲು ಕೂತವರು ಅವರೇ. ಮಲಗುವ ಕೋಣೆಯ ಬಾಗಿಲಿಗೆ, ಕಿಟಕಿಗೆ ಸದ್ದು ಬರದಂತೆ ಹಳೆ ಸೀರೆಗಳ ದಪ್ಪ ಕೌದಿ ಕಟ್ಟಿ, ಫ್ಯಾನು ಆರಿಸಿ, ಭಾನುವಾರಗಳಲ್ಲಿ ಬೆವರು ಸುರಿಸುತ್ತ ಓದಿದರು. ಅಷ್ಟಾದರೂ ಹೊರಗಿನದು ಒಳಗೆ ಬಂದೇ ಬರುತ್ತಿತ್ತು. ಎರಡನೆಯ ಕಾದಂಬರಿಯ ನಡುವೆ ಪಕ್ಕದ ಮನೆಯ ಕುಕ್ಕರು ಕೂಗುತ್ತದೆ. ಐದನೆಯದರಲ್ಲಿ ನಮ್ಮ ಅತ್ತೆ ಸಾವಕ್ಕ ಹೊರಗಿನಿಂದ “ಚಾ ಆರಾಕತ್ತೇತಿ” ಎನ್ನುವುದು ಸಣ್ಣಗೆ ಕೇಳುತ್ತದೆ, ಆ ಸಾಲಿನಲ್ಲಿ ರಾಜೀವರ ದನಿಗೆ ಚೂರು ನಗು ಹತ್ತಿದೆ. ಕೇಳುಗರು ಇವನ್ನೆಲ್ಲ ಮೆಚ್ಚಿ ಬರೆದಿದ್ದರು.

ಏಳನೆಯದು ಮುಗಿದ ಕೆಲವೇ ವಾರಗಳಲ್ಲಿ ಅವರು ಹೋದರು. ಶಾಲೆಯಿಂದ ಬಂದವರು ಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆ ತಲುಪುವವರೆಗೂ ಉಳಿಯಲಿಲ್ಲ. ಧ್ವನಿಮುದ್ರಣಗಳಿದ್ದ ಲ್ಯಾಪ್‌ಟಾಪು ಅದೇ ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟಿತು. ನಾನು ಚಿಂತೆ ಮಾಡಲಿಲ್ಲ. ಮೂಲವೆಲ್ಲ ನಿಮ್ಮಲ್ಲಿದೆಯಲ್ಲ ಎಂದುಕೊಂಡೆ. ನಿಮ್ಮ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು ಎಂಬುದನ್ನು ದಯವಿಟ್ಟು ನಿಮ್ಮ ಜಾಹೀರಾತಿಗೆ ಬಳಸಿಕೊಳ್ಳಬೇಡಿ.

ಒಂದು ವರ್ಷದ ಮೇಲೆ ರಾಯಾಪುರದಿಂದ ಧಾರವಾಡಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿಯ ಕಿವಿಯಿಂದ ಇಯರ್‌ಫೋನು ಜಾರಿ ಬಿತ್ತು. ಅದರಿಂದ ರಾಜೀವ ಮಾತಾಡಿದರು. “ಬಾವಿಯೊಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕರೆದರು. ಆದರೆ...” ಎಂದರು. ‘ಆದರೆ’ ಎನ್ನುವ ಮುಂಚೆ ಒಂದು ಚೂರು ತಡೆದು, ಹೊಸ್ತಿಲು ದಾಟುವವರ ಹಾಗೆ ಹೆಜ್ಜೆ ಎತ್ತಿಡುವುದು ಅವರ ರೂಢಿ. ಅದೂ ಹಾಗೇ ಇತ್ತು. ನಾನು ಇಂಥ ಸಾಲು ಬರೆದವಳಲ್ಲ. ಅವರು ಇಂಥ ಸಾಲು ಓದಿದವರಲ್ಲ.

“ಯಾವ ಪುಸ್ತಕನವಾ ಇದು?” ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು.

“ದೆವ್ವದ ಕಥಿ ರೀ ಮೇಡಂ” ಎಂದಳು ಹುಡುಗಿ. ಹೆಸರು ಮಾನಸಿ ಎಂದು ಆಮೇಲೆ ಹೇಳಿದಳು. “ಕಥಿ ಅಷ್ಟಕ್ಕಷ್ಟ ರೀ. ಈ ದನಿ ಛಲೋ ಐತ್ರಿ. ಇವರು ಓದಿದ್ರ ನಾ ಏನರ ಕೇಳ್ತೇನ್ರಿ.”

“ಯಾರು ಇವರು?”

“ಯಾರೂ ಅಲ್ರಿ. ಮಶೀನ್ ಐತ್ರಿ ಅದು.”

ನಾನು ಅವಳ ಇಯರ್‌ಫೋನು ಬೇಡಿ ತೆಗೆದುಕೊಂಡು ಕಿವಿಗೆ ಹಚ್ಚಿಕೊಂಡೆ. ನನ್ನ ನಿಲ್ದಾಣ ದಾಟಿಹೋಯಿತು. ಬಸ್ಸಿನ ಕೊನೆಯ ನಿಲ್ದಾಣದವರೆಗೂ ನನ್ನ ಗಂಡ ಬಾವಿಯ ದೆವ್ವದ ಕಥೆ ಓದಿದರು. ಎಲ್ಲೂ ಉಸಿರು ತೆಗೆದುಕೊಳ್ಳಲಿಲ್ಲ. ಅದೊಂದೇ ವ್ಯತ್ಯಾಸ. ಅಷ್ಟುದ್ದದ ಪುಟವನ್ನು ಒಮ್ಮೆಯೂ ಉಸಿರಾಡದೆ ಓದುವುದನ್ನು ಕೇಳುತ್ತ ಕೂತವಳಿಗೇ ಉಸಿರು ಕಟ್ಟುತ್ತದೆ. ಇದು ನಿಮಗೆ ಗೊತ್ತಿರಲಿ ಎಂದು ಬರೆದೆ. ಕೊನೆಗೆ ಆ ಹುಡುಗಿ ಹೆದರಿ, “ಮೇಡಂ, ನೀರು ಕುಡೀರಿ” ಎಂದು ಬಾಟಲಿ ಕೊಟ್ಟಳು.

ನಿಮ್ಮ ಸಹಾಯವಾಣಿಗೆ ಫೋನು ಮಾಡಿದಾಗ ಮಾತಾಡಿದ ತರುಣ ಬಹಳ ವಿನಯವಂತ. “ಮೇಡಂ, ಅದು ನಿಮ್ಮ ಯಜಮಾನರ ಧ್ವನಿ ಅಲ್ಲ. ಅವರ ಧ್ವನಿಯಿಂದ ಕಲಿತ ಧ್ವನಿ” ಎಂದು ತಿಳಿಹೇಳಿದ. ರಾಜೀವ ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದವರು. ಅವರಿಂದ ಕಲಿತ ಮಕ್ಕಳು ಈ ಅವಳಿನಗರದ ತುಂಬ ಇದ್ದಾರೆ. ಅವರಲ್ಲಿ ಒಬ್ಬರಾದರೂ ಮೇಷ್ಟ್ರ ಗಂಟಲು ಹಾಕಿಕೊಂಡು ಓಡಾಡುತ್ತಿದ್ದಾರೆಯೇ? ಕಲಿಯುವುದಕ್ಕೂ ಕಿತ್ತುಕೊಳ್ಳುವುದಕ್ಕೂ ನಿಮ್ಮ ವಿಭಾಗದಲ್ಲಿ ಬೇರೆ ಬೇರೆ ಶಬ್ದಗಳಿಲ್ಲವೇ? ನಾವು ಒಪ್ಪಿಗೆ ಕೊಟ್ಟಿದ್ದೇವೆ ಎಂದೂ ಆತ ಹೇಳಿದ. ಕೊಟ್ಟದ್ದು ಹೌದು, ಏಳು ಪುಸ್ತಕಗಳನ್ನು ಅವರ ದನಿಯಲ್ಲಿ ಕೇಳಿಸಲು. ಆ ಒಪ್ಪಿಗೆಯ ಕೆಳಗೆಲ್ಲೋ ‘ಮುಂದೆ ಹುಟ್ಟಲಿರುವ ಎಲ್ಲ ತಂತ್ರಜ್ಞಾನಗಳಲ್ಲಿ, ಶಾಶ್ವತವಾಗಿ’ ಎಂದು ಇದೆಯಂತೆ. ಶಾಶ್ವತ. ನಾನು ಬೌದ್ಧ ಮನೆತನದವಳು, ಮಾನ್ಯರೇ. ಯಾವುದೂ ಶಾಶ್ವತವಲ್ಲ ಎಂಬುದನ್ನು ಕೇಳುತ್ತ ಬೆಳೆದವಳು. ಅದಕ್ಕೊಂದು ಅಪವಾದ ನಿಮ್ಮ ಷರತ್ತುಗಳಲ್ಲಿ ಸಿಕ್ಕಿತು.

ಕೊನೆಗೆ ಆ ತರುಣ ಪರಿಹಾರವನ್ನೂ ಸೂಚಿಸಿದ. “ನಿಮ್ಮ ಮುಂದಿನ ಕಾದಂಬರಿಗಳಿಗೆ ಆ ಧ್ವನಿಯನ್ನು ಉಚಿತವಾಗಿ ಬಳಸಬಹುದು ಮೇಡಂ.”

ಬಳಸಿ ನೋಡಿದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಗಂಡನ ದನಿ ಇನ್ನೊಮ್ಮೆ ತನ್ನ ಸಾಲು ಓದುವುದನ್ನು ಕೇಳಬಹುದು ಎಂದಾಗ ಯಾವ ಹೆಂಗಸು ಬೇಡವೆನ್ನುತ್ತಾಳೆ? ಎಂಟನೆಯ ಕಾದಂಬರಿಯ ಮೊದಲ ಅಧ್ಯಾಯ ಹಾಕಿದೆ. ಅದರಲ್ಲೊಂದು ಕೆಟ್ಟ ವಾಕ್ಯವಿತ್ತು. ಉದ್ದ, ಜೋತುಬಿದ್ದದ್ದು. ನನಗೇ ಗೊತ್ತಿತ್ತು. ಅಲ್ಲಿ ಅವರು ನಿಲ್ಲುತ್ತಾರೆ ಎಂದು ಕಾಯುತ್ತ ಕೂತೆ. ನಿಲ್ಲಲಿಲ್ಲ. ಆ ವಾಕ್ಯವನ್ನೂ ಅದರ ಮುಂದಿನದನ್ನೂ ಒಂದೇ ಸಮ ಓದಿಕೊಂಡು ಹೋದರು. ಅವರು ತೀರಿಕೊಂಡ ದಿನ ಬಾರದ ಅಳು ನನಗೆ ಆ ವಾಕ್ಯದ ಕೊನೆಯಲ್ಲಿ ಬಂತು. ಅಂದಿನಿಂದ ಏನು ಬರೆಯಲು ಕೂತರೂ ಆ ದನಿ ಒಳಗೆ ಓದತೊಡಗುತ್ತದೆ, ತಡೆಯದೆ, ತಕರಾರಿಲ್ಲದೆ. ಸರಿಯಾದದ್ದಕ್ಕೂ ತಪ್ಪಾದದ್ದಕ್ಕೂ ಅದಕ್ಕೆ ಭೇದವಿಲ್ಲ. ಎಂಟನೆಯ ಕಾದಂಬರಿ ಅಲ್ಲಿಗೇ ನಿಂತಿದೆ.

ಇಷ್ಟನ್ನು ನಾನು ಹೇಗೋ ನುಂಗಿಕೊಂಡು ಸುಮ್ಮನಿರುತ್ತಿದ್ದೆನೇನೋ. ಆದರೆ ಮನೆಯಲ್ಲಿ ಅತ್ತೆ ಇದ್ದಾರೆ.

ಅತ್ತೆಗೆ ಓದಲು ಬರುವುದಿಲ್ಲ. ರಾಜೀವರ ಹಳೆಯ ಫೋನಿನಲ್ಲಿ ಏಳೂ ಕಾದಂಬರಿಗಳನ್ನು ಹಾಕಿಕೊಟ್ಟಿದ್ದೆ. ಮಧ್ಯಾಹ್ನ ಅಕ್ಕಿ ಹಸನು ಮಾಡುತ್ತ, ಕೌದಿ ಹೊಲಿಯುತ್ತ ಕೇಳುತ್ತಿದ್ದರು. ಯಾವ ಅಧ್ಯಾಯದಲ್ಲಿ ಕುಕ್ಕರು ಕೂಗುತ್ತದೆ ಎಂಬುದು ಬಾಯಿಪಾಠವಾಗಿತ್ತು. ಒಂದು ದಿನ ನಾನು ಕಾಲೇಜಿನಿಂದ ಬಂದಾಗ, ಫೋನು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

“ಈ ಕಥಿ ಯಾವಾಗ ಓದ್ಯಾನ ಅಂವ?” ಎಂದರು.

ನಿಮ್ಮ ಆ್ಯಪು ತನ್ನಷ್ಟಕ್ಕೆ ತಾನೇ ‘ಸುಧಾರಿತ ಆವೃತ್ತಿ’ ಹಾಕಿಕೊಂಡಿತ್ತು. ನನ್ನ ಏಳು ಪುಸ್ತಕಗಳ ಧ್ವನಿಮುದ್ರಣ ಮಾಯವಾಗಿ, ಆ ಜಾಗದಲ್ಲಿ ಹೊಸ ದನಿ ಕೂತಿತ್ತು. ಕುಕ್ಕರು ಇಲ್ಲ. ಚಾ ಇಲ್ಲ. ನಗು ಇಲ್ಲ. ಒಂದು ಪುಸ್ತಕ ಮುಗಿದೊಡನೆ ಯಾರದೋ ಇನ್ನೊಂದು ಪುಸ್ತಕ ಅದೇ ದನಿಯಲ್ಲಿ ಶುರುವಾಗಿತ್ತು. ನಾನು ಅತ್ತೆಯನ್ನು ಕೂಡಿಸಿ ನಿಧಾನಕ್ಕೆ ತಿಳಿಸಿದೆ. ಅವರು ಎಲ್ಲ ಕೇಳಿ, ಫೋನಿನ ಗಾಜನ್ನು ಸೆರಗಿನಿಂದ ಒರೆಸಿದರು.

“ಮಶೀನ್ ಆದ್ರ ಏನಾತು” ಎಂದರು ಆಮೇಲೆ. “ದನಿ ಅಂವಂದ ಐತಲ್ಲ. ಎಲ್ಲ್ಯೋ ಕುಂತು ಓದಾಕತ್ತಾನ ಅಂತ ತಿಳ್ಕೋತೇನಿ. ತಗೀಬ್ಯಾಡ ನೀ.”

ನಾನು ತೆಗೆಯಲಿಲ್ಲ. ಮನೆಯಲ್ಲಿ ಆ ದನಿ ಇರತೊಡಗಿತು. ನಾನು ಅಡುಗೆಮನೆಯಲ್ಲಿದ್ದರೆ ಪಡಸಾಲೆಯಲ್ಲಿ ಅವರು ಓದುತ್ತಿರುವರು. ಕರೆದರೆ ಓಗೊಡುವುದಿಲ್ಲ, ಓದುತ್ತಲೇ ಇರುತ್ತಾರೆ. ಕೊಲೆಯ ಕಥೆ, ಪ್ರೀತಿಯ ಕಥೆ, ಹಣ ಮಾಡುವುದು ಹೇಗೆ ಎಂಬ ಪುಸ್ತಕ. ಹಿತ್ತಲಿಗೆ ಹೋದರೂ ಗೋಡೆ ದಾಟಿ ಬರುತ್ತಿತ್ತು. ಮನೆಗೆ ಬಂದವರು ಒಳಗೆ ಯಾರೋ ಇದ್ದಾರೆಂದು ಚಪ್ಪಲಿ ಬಿಡುತ್ತಲೇ ದನಿ ತಗ್ಗಿಸುತ್ತಿದ್ದರು. ನಾನೂ ತಗ್ಗಿಸುತ್ತಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಇನ್ನೊಂದು ಪುಸ್ತಕ ಬಂತು. ಅದರ ಹೆಸರು ಹೇಳುವುದಿಲ್ಲ. ಹಳ್ಳಿಯ ಗೌಡನೊಬ್ಬನ ದೊಡ್ಡಸ್ತಿಕೆಯ ಕಥೆ. ಅದರಲ್ಲಿ ಮಜ್ಜಿಗೆ ಬೇಡಲು ಬಂದ ಹೆಂಗಸೊಬ್ಬಳನ್ನು ಆ ಗೌಡ ಜಾತಿಯ ಹೆಸರು ಹಿಡಿದು ಕರೆದು, ಅಂಗಳದಾಚೆ ನಿಲ್ಲು ಎನ್ನುತ್ತಾನೆ. ಬರೆದವರಿಗೆ ಅದರಲ್ಲಿ ತಪ್ಪೇನೂ ಕಂಡಿಲ್ಲ. ಗೌಡನ ಗತ್ತು ಎಂದು ಮೆಚ್ಚಿಯೇ ಬರೆದಿದ್ದಾರೆ. ಆ ಶಬ್ದವನ್ನು ರಾಜೀವ ಓದಿದರು. ಹಾಲು, ಮೊಸರು ಎನ್ನುವಷ್ಟೇ ಸಲೀಸಾಗಿ.

ಅತ್ತೆ ಉಪ್ಪಿನಬೆಟಗೇರಿಯಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಶಾಲೆಯ ಬಾಗಿಲ ತನಕ ಹೋಗಿ, ಅದೇ ಶಬ್ದ ಕೇಳಿ, ತಿರುಗಿ ಬಂದವರು. ಮತ್ತೆ ಆ ಕಡೆ ಹೋಗಲಿಲ್ಲ. ಮಗನನ್ನು ಅವರು ಯಾಕೆ ಓದಿಸಿದರು, ಹೇಗೆ ಓದಿಸಿದರು ಎಂಬುದನ್ನು ಬರೆಯಲು ಬೇರೆಯೇ ಕಾದಂಬರಿ ಬೇಕು.

ನಾನು ಒಳಗೆ ಬಂದಾಗ ಅವರ ಕೈ ಮೊರದಲ್ಲಿನ ಅಕ್ಕಿಯ ಮೇಲೆ ಹಾಗೇ ನಿಂತಿತ್ತು.

“ಅಂವ ಯಾಕ ಹಂಗಂದಾ?” ಎಂದರು.

“ಅತ್ತೀ, ಅವರು ಅಂದಿಲ್ರಿ. ಪುಸ್ತಕದಾಗ ಬರದದ್ದು ರೀ ಅದು.”

“ಬರದಿದ್ರ ಓದಬೇಕೇನು? ನನ್ನ ಮಗಾ ಓದ್ತಿದ್ದಿಲ್ಲ.”

“ಮಶೀನ್ ರೀ ಅತ್ತೀ.”

“ದನಿ ಅಂವಂದ ಐತಲ್ಲ” ಎಂದರು ಅತ್ತೆ. ಹಿಂದೆ ಹೇಳಿದ ಮಾತೇ. ಈ ಸಲ ಅದನ್ನು ಹೇಳಿದ ರೀತಿ ನಾನು ಯಾವ ಕಾದಂಬರಿಯಲ್ಲೂ ಬರೆಯಲಾರೆ.

ನಿಮ್ಮ ಕಚೇರಿಯ ಉತ್ತರ ನನಗೆ ಗೊತ್ತು, ಬಂದೂ ಆಗಿದೆ: ಪುಸ್ತಕದ ವಿಷಯಕ್ಕೆ ಆಯಾ ಲೇಖಕರೇ ಹೊಣೆ, ಧ್ವನಿ ಬರಿಯ ಸಾಧನ. ಹಾಗಾದರೆ ಒಂದು ಸಂಗತಿ ಕೇಳಿ. ನನ್ನ ಮೂರನೆಯ ಕಾದಂಬರಿಯಲ್ಲೂ ಆ ಶಬ್ದ ಒಂದು ಕಡೆ ಬರುತ್ತದೆ. ನಮ್ಮ ಅನುಭವ ಬರೆಯುವಾಗ ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ ಎಂಬುದು ನನ್ನ ಹಟ. ಧ್ವನಿಮುದ್ರಣದ ದಿನ ಆ ಸಾಲು ಬಂದಾಗ ರಾಜೀವ ನಿಂತರು. ಎದ್ದು ಕೌದಿ ಸರಿಸಿ ಹೊರಗೆ ಹೋದರು. ಅಂಗಳದಲ್ಲಿ ಅವ್ವನ ಹತ್ತಿರ ಸ್ವಲ್ಪ ಹೊತ್ತು ಕೂತು ಬಂದರು. ಏನು ಮಾತಾಡಿದರೋ ನನಗೆ ತಿಳಿಯದು. ಬಂದು ಆ ಸಾಲನ್ನು ಒಮ್ಮೆ ಓದಿದರು. ಶಬ್ದದ ಹತ್ತಿರ ದನಿ ಒಡೆಯಿತು. “ಇನ್ನೊಮ್ಮೆ ತಗೊಳ್ಳೋಣೇನ್ರಿ?” ಎಂದೆ. “ಒಮ್ಮೆ ಅಂದೀನಿ. ಇನ್ನೊಮ್ಮೆ ಅನ್ನೂದಿಲ್ಲ” ಎಂದರು. ಆ ಒಡಕು ದನಿಯೇ ಪುಸ್ತಕದಲ್ಲಿ ಉಳಿಯಿತು. ಕೇಳಿದವರೊಬ್ಬರು, ತಾವು ಗೌಡರ ಮನೆಯವರೆಂದೂ, ಆ ಜಾಗದಲ್ಲಿ ಫೋನು ಆರಿಸಿ ಎದ್ದು ಹೋದೆನೆಂದೂ ನನಗೆ ಬರೆದಿದ್ದರು.

ಅದು ಓದುವುದು, ಮಾನ್ಯರೇ. ಒಂದು ಶಬ್ದವನ್ನು ಅನ್ನಬೇಕೋ ಬೇಡವೋ, ಅಂದರೆ ಹೇಗೆ ಅನ್ನಬೇಕು, ಎಷ್ಟು ಸಲ ಅನ್ನಬೇಕು ಎಂದು ಒಬ್ಬ ಮನುಷ್ಯ ಎದ್ದು ಹೋಗಿ ಯೋಚಿಸಿ ಬರುವುದು. ನೀವು ಆ ಮನುಷ್ಯನನ್ನು ತೆಗೆದು ಗಂಟಲನ್ನಷ್ಟೇ ಇಟ್ಟುಕೊಂಡಿರಿ. ಬದುಕಿದ್ದಾಗ ಒಮ್ಮೆ ಮಾತ್ರ ಅಂದ ಶಬ್ದವನ್ನು ತೀರಿಕೊಂಡ ಮೇಲೆ ಎಷ್ಟು ಜನರ ಕಿವಿಯಲ್ಲಿ, ಎಷ್ಟು ಸಲ ಅನ್ನಿಸುತ್ತಿದ್ದೀರಿ? ಅವರ ತಾಯಿಯ ಕಿವಿಯಲ್ಲೇ ಅನ್ನಿಸಿದಿರಲ್ಲ. ಯಾವ ಷರತ್ತಿನಲ್ಲಿ ಅದಕ್ಕೆ ಒಪ್ಪಿಗೆ ಇತ್ತು?

ಅತ್ತೆ ಫೋನನ್ನು ಆರಿಸಿ, ಎಂದಿನಂತೆ ಮಗನ ಫೋಟೋದ ಮುಂದೆ ಇಡಲಿಲ್ಲ, ಹಾಸಿಗೆಯ ಕೆಳಗೆ ಇಟ್ಟರು. ಆಮೇಲೆ ಅದನ್ನು ಕೇಳಲಿಲ್ಲ. ನಾನು ಅದೇ ವಾರ ನನ್ನ ಏಳೂ ಕಾದಂಬರಿಗಳನ್ನು ನಿಮ್ಮ ಅಂಗಡಿಯಿಂದ ಹಿಂದಕ್ಕೆ ತೆಗೆದೆ. ಬೇರೆ ಅಂಗಡಿಗಳಲ್ಲಿ ನನ್ನನ್ನು ಬಲ್ಲವರಿಲ್ಲ. ಸ್ವತಂತ್ರ ಲೇಖಕಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ಪೂರ್ತಿ ಸ್ವತಂತ್ರಳಾದೆ, ಓದುಗರಿಂದಲೂ. ನಿಮ್ಮ ಕಚೇರಿಯಿಂದ ಮಾತ್ರ ಲಗೂನೇ, ಮರುದಿನವೇ ಉತ್ತರ ಬಂತು: ಪುಸ್ತಕಗಳನ್ನು ತೆಗೆಯಲಾಗಿದೆ, ಧ್ವನಿ ಮುಂದುವರಿಯುತ್ತದೆ. ಮೂಲ ಧ್ವನಿಮುದ್ರಣ ಕೇಳಿದ್ದಕ್ಕೆ, ಹುಡುಕುತ್ತಿದ್ದೇವೆ ಎಂದಿರಿ. ಇನ್ನೂ ಹುಡುಕುತ್ತಿದ್ದೀರಿ ಎಂದು ನಂಬುತ್ತೇನೆ.

ಹೋದ ತಿಂಗಳು ನಿಮ್ಮಿಂದ ಕೊನೆಯ ಇಮೇಲು ಬಂತು. ‘ನಿಮ್ಮ ಭಾವನೆಗಳನ್ನು ಗೌರವಿಸಿ’ ಆ ಧ್ವನಿಯನ್ನು ಕೊಂಚ ಬದಲಿಸಿದ್ದೀರಂತೆ. ಹೆಸರೂ ಬದಲಾಗಿದೆಯಂತೆ. ಬೇರೆ ಧ್ವನಿಗಳ ಜೊತೆ ಬೆರೆಸಿದ್ದೀರಂತೆ, ಇನ್ನು ಗುರುತು ಸಿಗುವುದಿಲ್ಲವಂತೆ.

ಗುರುತು ಸಿಗುವುದಿಲ್ಲ ಎಂಬುದು ನಿಜ. ಇದರಿಂದ ಏನಾಗಿದೆ ಎಂದು ನಿಮಗೆ ಹೇಳಿದವರು ಯಾರೂ ಇರಲಿಕ್ಕಿಲ್ಲ. ಮೊದಲು ಅವರು ಎಲ್ಲಿದ್ದಾರೆಂದು ನನಗೆ ಗೊತ್ತಿತ್ತು. ಈಗ ಗೊತ್ತಿಲ್ಲ. ಬಸ್ಸಿನಲ್ಲಿ ಮುಂದಿನ ನಿಲ್ದಾಣ ಯಾವುದೆಂದು ಹೇಳುವ ದನಿ, ಬ್ಯಾಂಕಿಗೆ ಫೋನು ಮಾಡಿದರೆ ಕಾಯಲು ಹೇಳುವ ದನಿ, ಯಾರದೋ ಫೋನಿನಲ್ಲಿ ಹವಾಮಾನ ಹೇಳುವ ದನಿ, ಎಲ್ಲದರಲ್ಲೂ ಒಂದು ಗಳಿಗೆ ಅವರಿದ್ದ ಹಾಗಾಗಿ, ಮರುಗಳಿಗೆ ಇಲ್ಲವಾಗುತ್ತಾರೆ. ಪಾಠ ಮಾಡುತ್ತಿರುವಾಗ ವರಾಂಡದಲ್ಲಿ ಯಾವುದೋ ಹುಡುಗನ ಫೋನು ಮಾತಾಡಿದರೆ ನಾನು ಮಾತು ನಿಲ್ಲಿಸಿ ಕೇಳುತ್ತೇನೆ. ಮಕ್ಕಳು ನನ್ನ ಮುಖ ನೋಡುತ್ತಾರೆ. ಮೇಡಂಗೆ ಏನೋ ಆಗಿದೆ ಎಂದು ಮಾತಾಡಿಕೊಳ್ಳುತ್ತಾರೆ ಎಂಬುದೂ ಗೊತ್ತು.

ಮೊನ್ನೆ ಮನೆಯ ಫೋನಿಗೆ ಒಂದು ಕರೆ ಬಂತು. ಯಾವುದೋ ಬಡಾವಣೆಯವರದು, ಮೊದಲೇ ಹೇಳಿಸಿಟ್ಟ ಜಾಹೀರಾತು. ಹುಬ್ಬಳ್ಳಿ ಧಾರವಾಡದ ನಡುವೆ ನಿಮ್ಮ ಕನಸಿನ ನಿವೇಶನ ಎಂದು ಗಂಡು ದನಿಯೊಂದು ಹೇಳುತ್ತಿತ್ತು. ಇಂಥ ಕರೆ ಬಂದರೆ ಅತ್ತೆ ಬೈದು ಇಟ್ಟುಬಿಡುವವರು. ಈ ಸಲ ಇಡಲಿಲ್ಲ. ಕಿವಿಗೆ ಒತ್ತಿ ಹಿಡಿದು ಕೊನೆಯವರೆಗೂ ಕೇಳಿದರು. ದನಿ ನಿಂತಿತು. ಆಗ ಅತ್ತೆ ಬಹಳ ಮೆತ್ತಗೆ, “ಊಟ ಆತೇನಪಾ?” ಎಂದು ಕೇಳಿದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ನನ್ನ ಕಡೆ ಫೋನು ಚಾಚಿ, “ಅಂವ ಹೌದೋ ಅಲ್ಲೋ, ನೀನಽ ಕೇಳಿ ಹೇಳು” ಎಂದರು.

ಜಾಹೀರಾತು ಮೊದಲಿಂದ ಮತ್ತೆ ಶುರುವಾಗಿತ್ತು, ಕೊನೆಯವರೆಗೂ ಕೇಳಿದರೂ ನನಗೆ ಗುರುತು ಹತ್ತಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ರಾಜೀವರ ಧ್ವನಿಯನ್ನು ಯಾವ ಯಾವ ಧ್ವನಿಗಳಲ್ಲಿ ಬೆರೆಸಿದ್ದೀರಿ, ಅವನ್ನು ಯಾರು ಯಾರಿಗೆ ಕೊಟ್ಟಿದ್ದೀರಿ ಎಂದು ನನಗೆ ಲಿಖಿತವಾಗಿ ತಿಳಿಸಿ, ಎಲ್ಲ ಕಡೆಯಿಂದ ಅದನ್ನು ತೆಗೆಯಿರಿ. ಅವರು ಖುದ್ದು ಓದಿದ ಧ್ವನಿಮುದ್ರಣಗಳು ನಿಮ್ಮಲ್ಲಿ ಉಳಿದಿದ್ದರೆ ತಿದ್ದದೆ, ತೊಳೆಯದೆ ಹಾಗೇ ಮರಳಿಸಿ. ಇದಕ್ಕೆಲ್ಲ ಸಮಯ ಬೇಕಾಗಬಹುದು, ಸಮಿತಿ ಬೇಕಾಗಬಹುದು, ನಾನು ಕಾಯುತ್ತೇನೆ. ಆದರೆ ಒಂದು ಪ್ರಶ್ನೆಗೆ ನೀವು ಇವತ್ತೇ ಉತ್ತರಿಸಬೇಕು, ಅದಕ್ಕೆ ಒಂದೇ ಶಬ್ದ ಸಾಕು. ಆ ಕರೆಯಲ್ಲಿ ಮಾತಾಡಿದವರು ಅವರು ಹೌದೋ, ಅಲ್ಲವೋ? ಫೋನು ಮತ್ತೆ ಬಂದರೆ ಇಟ್ಟುಬಿಡಬೇಕೋ ಬೇಡವೋ ಎಂದು ಎಪ್ಪತ್ತು ದಾಟಿದ ಹೆಂಗಸೊಬ್ಬರು ಅದರ ಪಕ್ಕದಲ್ಲೇ ಕೂತಿದ್ದಾರೆ.

ಇಂತಿ, ಈ ಪತ್ರವನ್ನು ಯಾವ ಯಂತ್ರದಿಂದಲೂ ಓದಿಸಬೇಡಿರೆಂದು ಕೋರುವ,
ಸುಜಾತಾ ರಾಜೀವ
ಏಳು ಕಾದಂಬರಿಗಳ ಮಾಜಿ ಲೇಖಕಿ
ರಾಯಾಪುರ